ತೊಳೆದು ಬೋರಲಿಟ್ಟ ಭರಣಿ

ಸುಂದರಾ ಸುಮ್ಮನೆ ಕುಳಿತಿದ್ದನ್ನು ನೋಡಿದೆ ಎಂದು ಅಥಣಿ ಕಡೆಯ ಐಗಳಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ, ಅವರು ಬೇರೆ ಯಾರನ್ನೋ ನೋಡಿರುತ್ತಾರೆ. ಊಟಕ್ಕೆ ಕೂತರೂ ಒಂದು ಮೊಳಕಾಲನ್ನು ಎತ್ತಿಕೊಂಡೇ ಕೂರುವ ಹೆಂಗಸು ಅದು. ಯಾವ ಗಳಿಗೆಯಲ್ಲಿ ಏಳಬೇಕಾಗುತ್ತದೋ ಯಾರಿಗೆ ಗೊತ್ತು! "ಇಕಿ ಕಾಲಾಗ ಚಕ್ರ ಐತಿ" ಎಂದು ಅವಳ ತಾಯಿ ಹೇಳುತ್ತಿದ್ದಳಂತೆ. ಇರದೆ ಏನು? ಕುರಿಗಾರರ ಮನೆಯಲ್ಲಿ ಹುಟ್ಟಿ, ನಡೆಯಲು ಕಲಿತದ್ದೇ ಕುರಿಯ ಹಿಂದೆ. ದೀಪಾವಳಿ ಮುಗಿಯುತ್ತಲೇ ಹಿಂಡಿನ ಜೊತೆ ಹೊರಟರೆ ಮಳೆಗಾಲದ ಹೊತ್ತಿಗೆ ಊರು. ಅಷ್ಟರಲ್ಲಿ ಎಷ್ಟು ಹೊಲದಲ್ಲಿ ಮಲಗಿದ್ದಳೋ, ಅವಳಿಗೂ ಲೆಕ್ಕವಿಲ್ಲ.

ಹಿಂಡು ಕರಗಿದ ಮೇಲೆ ಹದಿನೈದನೆಯ ವಯಸ್ಸಿಗೆ ಊರಿನ ದ್ರಾಕ್ಷಿ ತೋಟದ ಸಾವಕಾರ ವಿರುಪಾಕ್ಷಪ್ಪನ ಶೆಡ್ಡಿಗೆ ಕೂಲಿಗೆ ಹೋದಳು. ಒಣಗಿದ ದ್ರಾಕ್ಷಿಯನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ. ಬಂಗಾರದ ಬಣ್ಣದ್ದು ಒಂದು ಕಡೆ, ಹಸಿರು ಒಂದು ಕಡೆ, ಕಂದು ಒಂದು ಕಡೆ; ಕರಿಯದನ್ನು ಕಸದ ಕಡೆಗೆ. ಉಳಿದ ಹೆಂಗಸರು ಮಾತಾಡುತ್ತ ಹೆಕ್ಕಿದರೆ ಇವಳು ಹೆಕ್ಕುತ್ತ ಹೆಕ್ಕುತ್ತ ನಾಲ್ಕು ಸಲ ಎದ್ದು, ಬುಟ್ಟಿ ಹೊತ್ತು, ಕಸ ಹೊಡೆದು ಮತ್ತೆ ಬಂದು ಎಲ್ಲರಿಗಿಂತ ಹೆಚ್ಚು ಹೆಕ್ಕುತ್ತಿದ್ದಳು. ಆಮೇಲೆ ಅದೇ ಊರಿನ ಬೀರದೇವನ ಜೊತೆ ಮದುವೆಯಾಯಿತು. ಅವನು ಇದ್ದ ಇಪ್ಪತ್ತು ಕುರಿ ಮಾರಿ ಪುಣೆಗೆ ಹೋಗಿ, ಗಿಡ ಮಾರುವ ನರ್ಸರಿಯೊಂದರಲ್ಲಿ ಕೆಲಸ ಹಿಡಿದ. "ಕುರಿ ಕಾಯೋ ಮಗಾ ಈಗ ಕುಂಡ ಕಾಯಾಕತ್ತಾನ" ಎಂದು ಅವನ ತಾಯಿ ಸತ್ತೆವ್ವ ಊರ ತುಂಬ ಹೇಳಿಕೊಂಡು ನಕ್ಕಳು. ನಕ್ಕಿದ್ದು ಒಳಗಿನ ಸಂಕಟಕ್ಕೆ.

ಪುಣೆಯಲ್ಲಿ ಸುಂದರಾ ಪಾಷಾಣ ಎಂಬ ಬಡಾವಣೆಯ ಒಂದು ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ ಮಾಡಿ, ಪಕ್ಕದ ಬಾಣೇರದ ಫ್ಲ್ಯಾಟುಗಳಲ್ಲಿ ಕಸ ಮುಸುರೆ ಮಾಡತೊಡಗಿದಳು. ಆ ಮನೆಗಳಲ್ಲಿ ಒಂದು ಜಪಾನಿನವರದು. ಗಂಡ ಯಾವುದೋ ಯಂತ್ರದ ಕಾರಖಾನೆಯಲ್ಲಿ ದೊಡ್ಡ ಕೆಲಸದಲ್ಲಿದ್ದ. ಹೆಂಡತಿಯ ಹೆಸರು ಫುಮಿಕೊ. ಸುಂದರಾ ಅವಳನ್ನು ಮೊದಲ ದಿನವೇ ಫುಮಿಬಾಯಿ ಮಾಡಿದಳು. ಐವತ್ತು ದಾಟಿದ, ಸಣ್ಣ ಮೈಯ, ಮಾತಿಗಿಂತ ಮೌನವೇ ಹೆಚ್ಚಿದ್ದ ಹೆಂಗಸು ಫುಮಿಬಾಯಿ. ಇಬ್ಬರ ನಡುವೆ ನಡೆಯುತ್ತಿದ್ದದ್ದು ಹರಕುಮುರುಕು ಹಿಂದಿ, ಅದಕ್ಕೆ ಒಗ್ಗರಣೆಯಂತೆ ಸ್ವಲ್ಪ ಮರಾಠಿ. ನಾನು ಅದನ್ನು ಕನ್ನಡದಲ್ಲೇ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೂ ತಲೆ ಕೆಡುತ್ತದೆ.

ಆ ಮನೆಯಲ್ಲಿ ವಾರಕ್ಕೆರಡು ದಿನ ಬ್ರೆಡ್ ಮಾಡುತ್ತಿದ್ದರು. ಬೇಕರಿಯ ಒಣಕಲು ಬ್ರೆಡ್ಡಲ್ಲ; ಹಾಲು ಹಾಕಿ ನಾದಿದ, ಇಟ್ಟಿಗೆಯ ಹಾಗೆ ನಾಲ್ಕು ಮೂಲೆ ಇರುವ, ಹರಿದರೆ ಹತ್ತಿಯಂತೆ ಎಳೆಎಳೆಯಾಗುವ ಬ್ರೆಡ್ಡು. ಒಂದು ದಿನ ಸುಂದರಾ ನೆಲ ಒರೆಸುತ್ತಿದ್ದಾಗ ಫುಮಿಬಾಯಿ ಬೋಗುಣಿಯಲ್ಲಿ ಹಿಟ್ಟಿಗೆ ಕುದಿಯುವ ನೀರು ಸುರಿದು, ಕಟ್ಟಿಗೆಯ ಸೌಟಿನಿಂದ ಕಲಸಲು ಒದ್ದಾಡುತ್ತಿದ್ದಳು. ಇವಳಿಗೆ ತಡೆಯಲಿಲ್ಲ. ಬಟ್ಟೆ ಬಿಸಾಕಿ, ಕೈ ತೊಳೆದು, ಆ ಸುಡುವ ಹಿಟ್ಟಿಗೇ ಕೈ ಹಾಕಿ ನಾದಿಬಿಟ್ಟಳು. ಫುಮಿಬಾಯಿ ಚೀರಿದಳು. ಅಯ್ಯ, ಅದಕ್ಕೇನು ಚೀರುವುದು? ಜೋಳದ ರೊಟ್ಟಿಗೆ ಎಸರಿಟ್ಟು ಹಿಟ್ಟು ನಾದಿ ನಾದಿ ಬೆಳೆದ ಕೈ. ನಮ್ಮ ಕಡೆ ಎಂಟು ವರ್ಷದ ಹುಡುಗಿಗೂ ಗೊತ್ತು, ಕುದಿನೀರು ಬೀಳದೆ ಹಿಟ್ಟಿಗೆ ಜಿಗಿ ಬರುವುದಿಲ್ಲ. ಅದನ್ನು ಜಪಾನಿನವರೂ ಕಂಡುಕೊಂಡಿದ್ದಾರೆ ಎಂದು ಸುಂದರಾಗೆ ಆಶ್ಚರ್ಯ. ಇವಳಿಗೆ ಮೊದಲೇ ಗೊತ್ತಿದೆ ಎಂದು ಫುಮಿಬಾಯಿಗೆ ಆಶ್ಚರ್ಯ. ಆ ದಿನದ ಬ್ರೆಡ್ಡು ಎಂದಿಗಿಂತ ಮೆತ್ತಗಾಯಿತು. ಮರುವಾರ ಕಸಬರಿಗೆ ಬೇರೆಯವಳ ಕೈಗೆ ಹೋಗಿ, ಸುಂದರಾ ಅಡಿಗೆಮನೆಯ ಒಳಗೆ ಬಂದಳು.

ಆರು ವರ್ಷ ಹೀಗೇ ನಡೆಯಿತು. ಉಪ್ಪು ಸವರಿದ ಅಂಗೈಯಲ್ಲಿ ಅನ್ನದ ಉಂಡೆ ಒತ್ತುವುದನ್ನು, ಮೊಟ್ಟೆಯನ್ನು ಪದರ ಪದರವಾಗಿ ಸುತ್ತುವುದನ್ನು, ಸೋಯಾ ಕಾಳನ್ನು ತಿಂಗಳುಗಟ್ಟಲೆ ಹುದುಗಿಸಿ ಮಾಡಿದ ಮುದ್ದೆಯಿಂದ ಸಾರು ಕಾಸುವುದನ್ನು ಇವಳು ಕಲಿತಳು. ಅನ್ನದ ಉಂಡೆಯ ಹೊಟ್ಟೆಯಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಇಟ್ಟು ಕೊಟ್ಟಾಗ ಫುಮಿಬಾಯಿ ಮೂರು ತಿಂದಳು. ಗೋದಿಯ ಜೊತೆ ಒಂದು ಹಿಡಿ ಜೋಳದ ಹಿಟ್ಟನ್ನೂ ಎಸರಿನಲ್ಲಿ ನಾದಿ ಮಾಡಿದ ಬ್ರೆಡ್ಡು ಎಷ್ಟು ಹೆಸರಾಯಿತೆಂದರೆ ಪುಣೆಯಲ್ಲಿದ್ದ ಹದಿನಾಲ್ಕು ಜಪಾನಿ ಮನೆಗಳವರು ಪ್ರತಿ ಶನಿವಾರ ಅದನ್ನು ಕೇಳಿ ತರಿಸಿಕೊಳ್ಳತೊಡಗಿದರು.

ಇಷ್ಟಕ್ಕೆಲ್ಲ ಮೂಲ ಒಂದು ಗಾಜಿನ ಭರಣಿ. ಅದರಲ್ಲಿದ್ದದ್ದು ಬ್ರೆಡ್ಡಿನ ಹೆಪ್ಪು. ಹಾಲಿಗೆ ಮಜ್ಜಿಗೆ ಹೇಗೋ, ಈ ಹಿಟ್ಟಿಗೆ ಅದು ಹಾಗೆ. ದಿನಾ ಒಂದು ಚಮಚ ಹಿಟ್ಟು, ಒಂದು ಚಮಚ ನೀರು ಹಾಕಿದರೆ ಗುಳ್ಳೆ ಏಳಿಸಿಕೊಂಡು ಉಬ್ಬುತ್ತದೆ, ಮರೆತರೆ ಸಾಯುತ್ತದೆ. ಹನ್ನೆರಡು ವರ್ಷದ ಹಿಂದೆ ಫುಮಿಬಾಯಿ ತನ್ನ ಊರಿನಲ್ಲಿ ಒಣದ್ರಾಕ್ಷಿ ನೆನೆಹಾಕಿದ ನೀರಿನಿಂದ ಅದನ್ನು ಎಬ್ಬಿಸಿದ್ದಳಂತೆ. ಆ ಮಾತು ಕೇಳಿದ ದಿನ ಸುಂದರಾ ಹಿಗ್ಗಿದಳು. "ನಮ್ಮೂರಾಗ ಬೆಳಿಯೂದ ಅದು!"

ಈ ವರ್ಷದ ಫೆಬ್ರುವರಿಯಲ್ಲಿ ಫುಮಿಬಾಯಿ ಇವಳನ್ನು ಕೂರಿಸಿ (ಕೂರಿಸಲು ನೋಡಿ ಎನ್ನಬೇಕು) ವಿಷಯ ಹೇಳಿದಳು. ಗಂಡನಿಗೆ ವರ್ಗವಾಗಿದೆ, ಮಾರ್ಚ್ ಮುಗಿಯುತ್ತಲೇ ಜಪಾನಿಗೆ ಮರಳುವುದು. ಅದಕ್ಕೂ ಮುಂಚೆ ಅಲ್ಲಿ ಮನೆ ನೋಡಲು ಇಪ್ಪತ್ತೊಂದು ದಿನ ಹೋಗಿಬರಬೇಕು. "ಭರಣಿ ನಿನ್ನ ಮನೆಗೆ ಒಯ್ಯಿ. ನಾನು ಬಂದಾಗ ಇದು ಬದುಕಿದ್ದರೆ ಈ ಬ್ರೆಡ್ಡಿನ ಒಲೆ ನಿನ್ನದು. ಹದಿನಾಲ್ಕು ಮನೆ ನಿನ್ನವು." ಸತ್ತರೆ ಎಂದು ಸುಂದರಾ ಕೇಳಲಿಲ್ಲ. ಕಲ್ಯಾಣಿನಗರದಲ್ಲಿ ಬೇಕರಿ ಇಟ್ಟ ಒಬ್ಬಳು ಆ ಹದಿನಾಲ್ಕು ಮನೆಗಳ ಮೇಲೆ ಕಣ್ಣಿಟ್ಟು ಆಗಾಗ ಫೋನ್ ಮಾಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಇಪ್ಪತ್ತೊಂದು ದಿನ ಒಂದು ಚಮಚ ಹಿಟ್ಟು ಹಾಕುವುದೇನು ಮಹಾ ಎನ್ನುತ್ತೀರಿ. ಸುಂದರಾಗೂ ಹಾಗೇ ಅನ್ನಿಸಿತ್ತು. ಆದರೆ ಆಗ ಮನೆಯಲ್ಲಿ ಅತ್ತೆ ಸತ್ತೆವ್ವ ಇದ್ದಳು.

ಸತ್ತೆವ್ವ ಕಣ್ಣಿನ ಆಪರೇಷನ್ನಿಗೆ ಪುಣೆಗೆ ಬಂದವಳು, ಹದಿನೈದು ದಿನಕ್ಕೊಮ್ಮೆ ಡಾಕ್ಟರರಿಗೆ ತೋರಿಸಲು ಉಳಿದುಕೊಂಡಿದ್ದಳು. ಕಣ್ಣು ಕಾಣದಿದ್ದಾಗಲೇ ಸುಮ್ಮನಿರದ ಮುದುಕಿ, ಕಣ್ಣು ಬಂದ ಮೇಲೆ ಕೇಳಬೇಕೆ? ಅವಳ ಹತ್ತಿರ ಶಾಸ್ತ್ರಗಳ ಗಂಟೇ ಇತ್ತು. ದೀಪ ಹಚ್ಚಿದ ಮೇಲೆ ಯಾರಿಗೂ ಉಪ್ಪು ಕೊಡಬಾರದು, ಸೂಜಿ ಕೊಡಬಾರದು, ಹೆಪ್ಪು ಅಂತೂ ಕೊಡಲೇಬಾರದು. ಓಣಿಯ ಮರಾಠಿ ಹೆಂಗಸರು ಸಂಜೆ ಬಟ್ಟಲು ಹಿಡಿದು ಬಂದರೆ "ಉದ್ಯಾ ಯಾ", ನಾಳೆ ಬನ್ನಿ, ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದಳು.

ನಾಲ್ಕನೆಯ ದಿನ ಸುಂದರಾ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಇಡೀ ಕೋಣೆ ತೊಳೆದು ಒದ್ದೆಯಾಗಿತ್ತು. ಹಾಲಿನ ಪಾತ್ರೆ ಬೋರಲು. ಮೊಸರಿನ ಗಡಿಗೆ ಬೋರಲು. ಅವುಗಳ ಪಕ್ಕದಲ್ಲಿ ಫಳಫಳ ಹೊಳೆಯುತ್ತ ಗಾಜಿನ ಭರಣಿಯೂ ಬೋರಲು.

"ಅತ್ತಿ, ಇದರಾಗ ಇದ್ದದ್ದ ಎಲ್ಲಿ?"

"ಅಪ್ಪಾಸಾಬ ಹ್ವಾದ, ಯವ್ವಾ," ಎಂದು ಸತ್ತೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪಾಸಾಬ ಅವಳ ಗಂಡನ ತಮ್ಮ, ಐಗಳಿಯಲ್ಲಿ ಇನ್ನೂ ಕುರಿ ಕಾಯುತ್ತಿದ್ದ ಒಬ್ಬನೇ ಮೈದುನ. "ಮುಂಜಾನೆ ಹತ್ತಕ್ಕ ಜೀವ ಹೋತಂತ. ಫೋನ ಬಂದಿತ್ತ."

"ಅತ್ತಿ... ಭರಣ್ಯಾಗಿಂದು?"

"ಸೂತಕದ ಮನ್ಯಾಗ ಹೆಪ್ಪ ಇಡತಾರೇನ? ಹಾಲು, ಮೊಸರ ಎಲ್ಲಾ ಚೆಲ್ಲಿದೆ. ಅದೂ ನೊರಿ ಬಂದ ಕೆಟ್ಟಿತ್ತ ನೋಡ, ಹುಳಿ ನಾತ. ಕುದಿ ನೀರ ಹಾಕಿ ತಿಕ್ಕಿ ತಿಕ್ಕಿ ತೊಳದೀನಿ, ಒಂದ ಕಲಿ ಉಳಿದಿಲ್ಲ."

ಸತ್ತೆವ್ವ ಇದನ್ನು ಹೇಳಿದ್ದು ಅಭಿಮಾನದಿಂದ. ಹೊಸ ಕಣ್ಣಿನಲ್ಲಿ ಮಾಡಿದ ಮೊದಲ ದೊಡ್ಡ ಕೆಲಸ. ಏನು ಹೇಳಬೇಕು ಆ ಮುದುಕಿಗೆ? ಸಾವಿನ ಸುದ್ದಿ ಬಂದರೆ ಮನೆಯ ಹೆಪ್ಪು ಚೆಲ್ಲುವುದು ಅವಳ ಅತ್ತೆ ಕಲಿಸಿದ್ದು, ಅವಳ ಅತ್ತೆಗೆ ಅವಳ ಅತ್ತೆ ಕಲಿಸಿದ್ದು. ಸುಂದರಾ ಭರಣಿಯನ್ನು ತಿರುಗಿಸಿ ಬೆರಳಿನಿಂದ ತಳ ಸವರಿ ನೋಡಿದಳು. ನಿಜ, ಒಂದು ಕಲೆಯೂ ಉಳಿದಿರಲಿಲ್ಲ.

ಒಳಗೆ ಬೆಂಕಿ ಎದ್ದಿತ್ತು, ಆದರೆ ಸತ್ತವರ ಮನೆಯ ಮುದುಕಿಯನ್ನು ಬೈಯುವುದು ಹೇಗೆ? ನಿಂತ ಕಾಲಿನಲ್ಲೇ ಬಾಣೇರಕ್ಕೆ ಓಡಿದಳು. ಗಿಡಕ್ಕೆ ನೀರು ಹಾಕಲೆಂದು ಕೊಟ್ಟ ಬೀಗದ ಕೈ ಇತ್ತು. ಫ್ರಿಜ್ಜಿನಲ್ಲಿ ಒಂದು ಚಮಚವಾದರೂ ಇದ್ದೀತೆಂಬ ಆಸೆ. ಫ್ರಿಜ್ಜು ಖಾಲಿ ಮಾಡಿ, ಒರೆಸಿ, ಬಾಗಿಲು ತೆರೆದಿಟ್ಟು ಹೋಗಿದ್ದಳು ಫುಮಿಬಾಯಿ. ಸುಂದರಾ ಆ ತೆರೆದ ಬಾಗಿಲನ್ನು ಮೂರು ಸಲ ಮುಚ್ಚಿ ಮೂರು ಸಲ ತೆರೆದಳು.

ಮನೆಗೆ ಬಂದು ಬಾಯಿಬಿಟ್ಟಳು. "ಅದು ಬರೇ ಹೆಪ್ಪ ಅಲ್ಲ ಅತ್ತಿ. ನನ್ನ ಅನ್ನ ಅದು. ಹದಿನಾಲ್ಕ ಮನಿ ಅದರಾಗಿದ್ದೂ."

ಸತ್ತೆವ್ವಳ ಮುಖ ಸಣ್ಣದಾಯಿತು. ಆದರೂ ಬಾಯಿ ಸೋಲಲಿಲ್ಲ. "ಹೆಪ್ಪ ಹ್ವಾದ್ರ ಇನ್ನೊಬ್ಬರ ಮನ್ಯಾಗ ಬೇಡಿ ತಂದ್ರಾತು. ಹೆಪ್ಪ ಬೇಡಾಕ ನಾಚಿಕಿ ಏನ?"

"ಯಾರ ಮನ್ಯಾಗ ಬೇಡಲಿ ಅತ್ತಿ? ಜಪಾನಕ್ಕ ಹೋಗಲೇನ?"

ಹನ್ನೊಂದು ದಿನದ ಸೂತಕ ಕಳೆಯುವವರೆಗೆ ಹೊಸ ಹೆಪ್ಪು ಹಾಕುವಂತಿಲ್ಲ ಎಂದು ಸತ್ತೆವ್ವ ಕಟ್ಟಾಜ್ಞೆ ಮಾಡಿದಳು. ಹನ್ನೊಂದು ದಿನ ಸುಮ್ಮನೆ ಕೂರುವ ಹೆಂಗಸೇ ಇದು? ಮರುದಿನವೇ ಅಂಗಡಿಯಿಂದ ಒಣದ್ರಾಕ್ಷಿ ತಂದು, ಕಾಸಿ ಆರಿಸಿದ ನೀರಿನಲ್ಲಿ ನೆನೆಹಾಕಿ, ಅತ್ತೆಯ ಹೊಸ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು. ದಿನಕ್ಕೆರಡು ಸಲ ಅಲುಗಾಡಿಸಬೇಕು ಎಂದು ಫುಮಿಬಾಯಿ ಹೇಳಿದ್ದು ನೆನಪಿತ್ತು. ಇವಳು ಇಪ್ಪತ್ತು ಸಲ ಅಲುಗಾಡಿಸಿದಳು. ಐದು ದಿನ ಕಳೆಯಿತು, ಏಳು ದಿನ ಕಳೆಯಿತು. ಹಣ್ಣು ತಳದಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು. ಒಂದು ಗುಳ್ಳೆ ಇಲ್ಲ. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವುದನ್ನು ನೋಡಿ ಬೀರದೇವ, "ಒಂದ ಭರಣಿ ಹಿಟ್ಟಿಗೆ ಜೀವಾ ತಿನ್ನಾಕತ್ತೀಯಲ್ಲಲೇ" ಎಂದ. "ಜೀವಾ ಇದ್ದದ್ದ ಅದರಾಗ" ಎಂದು ಇವಳು ಗೋಡೆಯ ಕಡೆ ತಿರುಗಿದಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮೂವರೂ ಐಗಳಿಗೆ ಹೊರಟರು. ಮೀರಜಿನವರೆಗೆ ರೈಲು, ಅಲ್ಲಿಂದ ಕಾಗವಾಡ ಅಥಣಿ ದಾಟಿ ಬಸ್ಸು. ಸುಂದರಾಳ ಚೀಲದಲ್ಲಿ ಖಾಲಿ ಭರಣಿ. ಫುಮಿಬಾಯಿ ಬರಲು ಇನ್ನು ಏಳೇ ದಿನ. ಅಂಗಡಿಯ ಹಣ್ಣು ಹಳೆಯದು, ಊರಿನಲ್ಲಿ ಈಗ ಹಂಗಾಮು, ಒಂದನೇ ನಂಬರಿನ ಹೊಸ ಹಣ್ಣು ಸಿಕ್ಕರೆ ಆಗುತ್ತದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಕಾರ್ಯ ಮುಗಿದು, ಮನೆ ಶುದ್ಧವಾಗಿ, ಜನ ಊಟಕ್ಕೆ ಕೂತದ್ದೇ ತಡ, ಇವಳು ವಿರುಪಾಕ್ಷಪ್ಪನ ಶೆಡ್ಡಿಗೆ ನಡೆದಳು. ಯಜಮಾನಿ ಸೋನಾಬಾಯಿ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಜಪಾನಿ ಬಾಯಿಗೆ ಮಣೂಕ, ಅಂದರೆ ಒಣದ್ರಾಕ್ಷಿ, ಬೇಕು ಎಂದದ್ದೇ ಸೋನಾಬಾಯಿಯ ಮುಖ ಅರಳಿತು.

"ಜಪಾನ ಮಂದಿಗೆ? ನಮ್ಮ ಹಣ್ಣ? ಏ, ಇಕಿಗೆ ಒಂದನೇ ನಂಬರ ಕೊಡ್ರಿ ಬೇ. ಆರಿಸಿ ಆರಿಸಿ ಕೊಡ್ರಿ."

ಬಂಗಾರದ ಬಣ್ಣದ, ಎಣ್ಣೆ ಸವರಿದಂತೆ ಹೊಳೆಯುವ ಉದ್ದ ಹಣ್ಣು ಎರಡು ಕಿಲೋ ಚೀಲಕ್ಕೆ ಬಿತ್ತು. ಕೈ ಸುಮ್ಮನಿರದೆ ಸುಂದರಾ ಆರಿಸುವ ಹೆಂಗಸರ ಸಾಲಿನಲ್ಲಿ ಕೂತು ಒಂದು ಹಿಡಿ ಹೆಕ್ಕತೊಡಗಿದಳು. ಆಗಲೇ ಪಕ್ಕದ ಕೋಣೆಯ ಬಾಗಿಲು ತೆರೆದರು. ಅದು ಹೊಗೆ ಹಾಕುವ ಕೋಣೆ. ಹಣ್ಣಿಗೆ ಬಂಗಾರದ ಬಣ್ಣ ನಿಲ್ಲಲಿ, ಹುಳ ಬೀಳದಿರಲಿ, ಹುಳಿಯದಿರಲಿ ಎಂದು ಗಂಧಕದ ಹೊಗೆ ಕೊಡುತ್ತಾರಲ್ಲ, ಅದು. ಘಾಟು ಬಂದು ಮೂಗಿಗೆ ಬಡಿಯಿತು. ಎಲ್ಲರೂ ಸೆರಗು ಮೂಗಿಗೆ ಹಿಡಿದುಕೊಂಡರು. ಸುಂದರಾ ಹಿಡಿಯಲಿಲ್ಲ.

ಹುಳಿಯದಿರಲಿ ಎಂದಲ್ಲವೇ ಹೊಗೆ?

ಅವಳಿಗೆ ಹಳೆಯದೊಂದು ನೆನಪಾಯಿತು. ಆ ಕೂಲಿಯ ದಿನಗಳಲ್ಲಿ ಒಮ್ಮೆ ಅಕಾಲದ ಮಳೆಗೆ ಶೆಡ್ಡು ಸೋರಿ, ಎರಡು ಚೀಲ ನೆನೆದಿದ್ದವು. ಬಂಗಾರದ ಹಣ್ಣು ನೆನೆದು ಉಬ್ಬಿತು ಅಷ್ಟೇ. ಕರಿಯ ಹಣ್ಣಿನ ಚೀಲ ಮಾತ್ರ ನಾಲ್ಕು ದಿನಕ್ಕೆ ಬುಸುಗುಟ್ಟುತ್ತ ನೊರೆ ಕಾರಿತ್ತು. ಅದು ಬಳ್ಳಿಯಲ್ಲೇ ಒಣಗಿ ಉದುರಿದ್ದು, ಹೊಗೆಗೆ ಹೋಗದೆ ಆಡಿಗೆ ಹಾಕಲು ಬಿಟ್ಟದ್ದು. ಅದನ್ನು ತಿಂದ ಸುಂದರಾಳ ತವರಿನ ಆಡುಗಳು ಅಮಲೇರಿ ನಾಲ್ಕು ಕಾಲು ನಾಲ್ಕು ಕಡೆ ಹಾಕಿದ್ದವು. ಹೋತವಂತೂ ವಿರುಪಾಕ್ಷಪ್ಪನ ಹೊಸ ಮೋಟರ್ ಸೈಕಲ್ಲನ್ನು ಗುದ್ದಿ ಕೆಡವಿತ್ತು. ಇಡೀ ಊರು ವಾರಗಟ್ಟಲೆ ನಕ್ಕಿತ್ತು. ಹೋತಕ್ಕೆ ಗೊತ್ತಿದ್ದದ್ದು ನನಗೆ ಗೊತ್ತಾಗಲಿಲ್ಲವಲ್ಲ ಎಂದು ಸುಂದರಾ ಹಣೆ ಬಡಿದುಕೊಂಡಳು. ಏಳು ದಿನ ಗಂಧಕದ ಹೊಗೆಗೆ ಸತ್ತ ಹಣ್ಣನ್ನು ಅಲುಗಾಡಿಸಿದ್ದಳು!

"ಅಕ್ಕಾರ, ನನಗ ಇದು ಬ್ಯಾಡ್ರಿ. ಕರೇದು ಒಂದ ಹಿಡಿ ಕೊಡ್ರಿ ಸಾಕು."

ಸೋನಾಬಾಯಿಯ ಮುಖ ಕೆಂಪಾಯಿತು. "ಕರೇದ? ಆಡ ತಿನ್ನೂದನ್ನ ಜಪಾನಕ್ಕ ಕಳಸ್ತಿ? ನಮ್ಮ ಮನಿ ಹೆಸರ ಕಳೀಬೇಕಂತ ಮಾಡಿಯೇನ? ಒಯ್ಯೂದಿದ್ರ ಒಂದನೇ ನಂಬರ ಒಯ್ಯಿ, ಇಲ್ಲಂದ್ರ ಸುಮ್ಮನ ನಡಿ."

ಎಷ್ಟು ಬೇಡಿದರೂ ಕೇಳಲಿಲ್ಲ. ಮರ್ಯಾದೆಯ ಪ್ರಶ್ನೆ! ಸುಂದರಾ ಎರಡು ಕಿಲೋ ಬಂಗಾರ ಹೊತ್ತುಕೊಂಡು ಸತ್ತವನ ಮನೆಗೆ ಮರಳಿದಳು. ಹಿತ್ತಲಲ್ಲಿ ಅಪ್ಪಾಸಾಬನ ಹೆಂಡತಿ ಕೆಂಪವ್ವ ಬರಿಗೈಯಲ್ಲಿ, ಬರಿಹಣೆಯಲ್ಲಿ, ಆಡುಗಳ ಮುಂದೆ ಬುಟ್ಟಿ ಸುರಿಯುತ್ತಿದ್ದಳು. ಗಂಡ ಸತ್ತರೂ ಆಡು ಉಪವಾಸ ಇರುತ್ತವೆಯೇ? ಬುಟ್ಟಿಯಲ್ಲಿದ್ದದ್ದು ಕರಿಯ ಒಣದ್ರಾಕ್ಷಿ.

"ಚಿಗವ್ವಾ, ಇದು ಎಲ್ಲಿಂದು?"

"ನಿಮ್ಮ ಕಾಕಾ ಹ್ವಾದ ತಿಂಗಳ ಶೆಡ್ಡಿನಿಂದ ಎರಡ ಚೀಲ ತಂದ ಇಟ್ಟಿದ್ದ. ತಂದಾವ ಹ್ವಾದ, ಆಡ ತಿನ್ನಾಕತ್ತಾವ."

ಸುಂದರಾ ಚೀಲದಲ್ಲಿದ್ದ ಬಂಗಾರದ ಹಣ್ಣನ್ನು ಪೂರಾ ಕೆಂಪವ್ವಳ ಬುಟ್ಟಿಗೆ ಸುರಿದು, ಮೂರು ಹಿಡಿ ಕರಿಯದನ್ನು ಭರಣಿಗೆ ತುಂಬಿದಳು. ಅಲ್ಲೇ ಹಿತ್ತಲ ಒಲೆಯ ಮೇಲೆ ನೀರು ಕಾಸಿ, ಆರಿಸಿ ಹಾಕಿದಳು. ಕೆಂಪವ್ವ ನೋಡುತ್ತ ನಿಂತಳು. ಹನ್ನೊಂದು ದಿನದಲ್ಲಿ ಮೊದಲ ಸಲ ಅವಳ ತುಟಿಯ ಮೇಲೆ ನಗುವಿನಂತಹದು ಬಂತು. "ಪುಣೇಕ್ಕ ಹೋಗಿ ತೆಲಿ ಕೆಟ್ಟೈತಿ ಇಕಿಗೆ" ಎಂದಳು.

ಮರಳಿ ಬರುವಾಗ ಬಸ್ಸಿನಲ್ಲಿ, ರೈಲಿನಲ್ಲಿ ಭರಣಿ ತೊಡೆಯ ಮೇಲೆ. ನಿಮಿಷಕ್ಕೊಮ್ಮೆ ಮುಚ್ಚಳಕ್ಕೆ ಕಿವಿ ಇಡುವವಳನ್ನು ನೋಡಿ ಎದುರಿಗೆ ಕೂತ ಸಾಂಗ್ಲಿಯ ಗೃಹಸ್ಥನೊಬ್ಬ ಜಾಗ ಬದಲಿಸಿದ. ಮೂರನೆಯ ದಿನ ಒಂದು ಹಣ್ಣು ಮೇಲಕ್ಕೆ ತೇಲಿತು. ನಾಲ್ಕನೆಯ ದಿನ ಎಲ್ಲವೂ ತೇಲಿದವು. ಮುಚ್ಚಳ ಸಡಿಲಿಸಿದರೆ ಬುಸ್ ಎಂದಿತು. ಸುಂದರಾ ಅಡಿಗೆ ಕಟ್ಟೆ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಸತ್ತೆವ್ವ ಓಡಿಬಂದು ಇಣುಕಿ ನೋಡಿ, ಭರಣಿಗೆ ಒಂದು ಕುಂಕುಮದ ಬೊಟ್ಟು ಇಟ್ಟಳು.

ಆ ನೀರಿಗೆ ಹಿಟ್ಟು ಕಲಸಿ, ಉಬ್ಬಿಸಿ, ಮತ್ತೆ ಕಲಸಿ, ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬಾಣೇರದ ಒಲೆಯಲ್ಲಿ ಬ್ರೆಡ್ಡು ಬೇಯಿಸಿದಳು. ಮಧ್ಯಾಹ್ನ ಫುಮಿಬಾಯಿ ಬಂದು, ಚಪ್ಪಲಿ ಬಿಟ್ಟು, ಕೈ ತೊಳೆದು, ನಿಂತೇ ಎರಡು ತುಂಡು ತಿಂದಳು.

"ಚೆನ್ನಾಗಿದೆ," ಎಂದಳು. "ಹನ್ನೆರಡು ವರ್ಷ. ಬದುಕಿದೆ."

ಅಷ್ಟೇ. ಗೆದ್ದಾಯಿತು. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಆ ನಾಲಿಗೆಗೂ ತಿಳಿಯಲಿಲ್ಲ. "ಬಾಯಿ ಮುಚ್ಚಗೊಂಡ ಇರು, ಯಾರಿಗೂ ಗೊತ್ತಾಗೂದಿಲ್ಲ" ಎಂದು ಸತ್ತೆವ್ವ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ಫುಮಿಬಾಯಿ ಮೇಜಿನ ಮುಂದೆ ಕೂತು, ಕಾಗದ ತೆಗೆದು, ಹದಿನಾಲ್ಕು ಮನೆಗಳಿಗೆ ಪತ್ರ ಬರೆಯತೊಡಗಿದಳು. ಏನು ಬರೆಯುತ್ತಿದ್ದೇನೆ ಎಂದು ಹೇಳಿಯೂ ಹೇಳಿದಳು. ನನ್ನ ಹನ್ನೆರಡು ವರ್ಷದ ಹೆಪ್ಪು ಇನ್ನು ಸುಂದರಾಳ ಕೈಯಲ್ಲಿ, ನನ್ನ ಮೇಲಿನ ನಂಬಿಕೆಯನ್ನು ಅವಳ ಮೇಲೆ ಇಡಿ.

ಸುಂದರಾ ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದಳು. ಒರೆಸಿದ ಕಟ್ಟೆಯನ್ನು ಮತ್ತೆ ಒರೆಸಿದಳು. ಕಿಟಕಿಯ ಪರದೆ ಸರಿಸಿದಳು, ಮತ್ತೆ ಎಳೆದಳು. ಪತ್ರ ಒಂದಾಯಿತು, ಎರಡಾಯಿತು, ಐದಾಯಿತು. ಹದಿನಾಲ್ಕನೆಯ ಪತ್ರ ಮಡಚುವಾಗ ತಡೆಯಲಾಗಲಿಲ್ಲ.

"ಬಾಯಿ, ಅದು ನಿಮ್ಮದಲ್ಲ."

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಸಾವು, ಸೂತಕ, ಕುದಿನೀರು, ಆಡಿನ ಬುಟ್ಟಿ, ಎಲ್ಲ. ಫುಮಿಬಾಯಿ ಪೆನ್ನಿನ ಮುಚ್ಚಳ ಹಾಕಿದಳು. ಎದ್ದು ಹೋಗಿ ಹೊಳೆಯುವ ಆ ಭರಣಿಯನ್ನು ತಂದು ಸುಂದರಾಳ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇದನ್ನು ತೆಗೆದುಕೊಂಡು ಮನೆಗೆ ಹೋಗು. ನಾನು ಹೇಳುವವರೆಗೆ ಬರಬೇಡ."

ಮೂರು ದಿನ ಫೋನಿಲ್ಲ. ಮೂರು ದಿನ ಸುಂದರಾ ಆ ಒಂದು ಕೋಣೆಯಲ್ಲಿ ಎಷ್ಟು ನಡೆದಳೆಂದರೆ ಐಗಳಿಗೆ ಹೋಗಿಬರಬಹುದಿತ್ತು. "ಕುಂದ್ರಲೇ, ನಿನ್ನ ನೋಡಿ ತೆಲಿ ತಿರಗತೈತಿ" ಎಂದು ಬೀರದೇವ ಬೈದ. ಹೇಳಿದ್ದು ತಪ್ಪಾಯಿತೇ ಎಂದು ಒಂದು ಗಳಿಗೆ, ಹೇಳದಿದ್ದರೆ ಸತ್ತೇ ಹೋಗುತ್ತಿದ್ದೆ ಎಂದು ಇನ್ನೊಂದು ಗಳಿಗೆ. ಕಲ್ಯಾಣಿನಗರದವಳು ಆಗಲೇ ಒಲೆ ಒಯ್ದಿರಬೇಕು ಎಂದು ಮತ್ತೊಂದು ಗಳಿಗೆ. ಭರಣಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಹಿಟ್ಟು ನೀರು ಹಾಕಿದಳು. ಅದರ ತಪ್ಪೇನಿದೆ? ಸತ್ತೆವ್ವ ಮೂಲೆಯಲ್ಲಿ ಕೂತು, "ನಾ ಹೋಗಿ ಆಕಿ ಕಾಲ ಬೀಳತೀನಿ, ಕರಕೊಂಡ ನಡಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಮೂರನೆಯ ದಿನ ಸಂಜೆ ಸತ್ತೆವ್ವ ದೇವರ ಮುಂದೆ ದೀಪ ಹಚ್ಚಿ ಕೈ ಮುಗಿದು ತಿರುಗುವಷ್ಟರಲ್ಲಿ ಬಾಗಿಲಿನಲ್ಲಿ ಫುಮಿಬಾಯಿ ನಿಂತಿದ್ದಳು. ಆರು ವರ್ಷದಲ್ಲಿ ಆ ಗಲ್ಲಿಗೆ ಕಾಲಿಟ್ಟವಳಲ್ಲ. ಕೈಯಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಏನೋ ಇತ್ತು. ಸುಂದರಾ ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟಳು, ತಾನು ನಿಂತೇ ಇದ್ದಳು.

"ಸತ್ತವರು ಯಾರು?" ಎಂದು ಕೇಳಿದಳು ಫುಮಿಬಾಯಿ.

"ಅತ್ತೆಯ ಮೈದುನ. ಕುರಿ ಕಾಯುತ್ತಿದ್ದರು."

ಫುಮಿಬಾಯಿ ತಲೆಯಾಡಿಸಿದಳು. "ನಮ್ಮಲ್ಲಿ ಸಾವಿನ ಮನೆಯಿಂದ ಬಂದರೆ ಮೈಮೇಲೆ ಉಪ್ಪು ಎರಚಿಕೊಂಡು ಒಳಗೆ ಬರುತ್ತೇವೆ. ನನ್ನ ಅಜ್ಜಿ ಇದ್ದಿದ್ದರೆ ಅವಳೂ ಬಹುಶಃ ತೊಳೆದಿಡುತ್ತಿದ್ದಳು." ಗಂಟನ್ನು ಮಡಿಲಲ್ಲಿಟ್ಟುಕೊಂಡು, "ಮೂರು ದಿನ ಸಿಟ್ಟಿತ್ತು. ಈಗಲೂ ಇದೆ, ಸ್ವಲ್ಪ" ಎಂದಳು. ಆಮೇಲೆ ಗಂಟು ಬಿಚ್ಚಿದಳು. ಒಳಗೆ ಮುಚ್ಚಳವಿದ್ದ ಬಿಳಿಯ ಪಿಂಗಾಣಿ ಬಟ್ಟಲು. "ನನ್ನದು ಹೋಯಿತು. ಖಾಲಿ ಕೈಯಲ್ಲಿ ಊರಿಗೆ ಹೋಗಲಾರೆ. ನಿನ್ನದರಲ್ಲಿ ಸ್ವಲ್ಪ ಕೊಡು."

ಸುಂದರಾಳ ಕೈ ಆಗಲೇ ಭರಣಿಯ ಮುಚ್ಚಳದ ಮೇಲಿತ್ತು.

"ತಡಿ," ಎಂದಳು ಸತ್ತೆವ್ವ. ಕೇಳಿದ ಭಾಷೆ ತಿಳಿಯದಿದ್ದರೂ ಖಾಲಿ ಬಟ್ಟಲು ಯಾಕೆ ಬಂದಿದೆ ಎಂದು ಯಾವ ಹೆಂಗಸಿಗೆ ತಿಳಿಯುವುದಿಲ್ಲ? "ದೀಪ ಹಚ್ಚೀವಿ. ಈಗ ಹೆಪ್ಪ ಕೊಡೂದಿಲ್ಲ. ಮುಂಜಾನೆ ಬರಾಕ ಹೇಳ."

"ಅತ್ತಿ, ನಿಮ್ಮ ಕಾಲ ಬೀಳತೀನಿ. ಇದೊಂದ ಸಲ..."

"ತಿಳೀದ ನಿನ್ನ ಅನ್ನ ಒಮ್ಮಿ ಚೆಲ್ಲೀನಿ ಬೇ. ತಿಳದ ಮತ್ತ ಚೆಲ್ಲಲೇನ? ದೀಪ ಹಚ್ಚಿದ ಮ್ಯಾಲ ಹೆಪ್ಪ ಕೊಟ್ರ ಮನ್ಯಾಗಿನ ಲಕ್ಷ್ಮಿ ಅದರ ಹಿಂದ ಹೊಕ್ಕಾಳ. ಯಾರ ಬಂದ್ರೂ ಕೊಡಂಗಿಲ್ಲ."

ಆರು ವರ್ಷ ಸಂಬಳ ಕೊಟ್ಟವಳಿಗೆ, ಮನೆ ಬಾಗಿಲಿಗೆ ಬಂದು ಬೇಡಿದವಳಿಗೆ, ನಾಳೆ ಬಾ ಎನ್ನಬೇಕು! ಸುಂದರಾ ಅಷ್ಟನ್ನೂ ಹಿಂದಿಗೆ ತಿರುಗಿಸಿದಳು. ಫುಮಿಬಾಯಿ ದೀಪವನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಬಟ್ಟಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. ಬಾಗಿ ನಮಸ್ಕರಿಸಿ, ಮೆಟ್ಟಿಲಿಳಿದು ಹೋದಳು. ಮುಗಿಯಿತು ಎಂದುಕೊಂಡಳು ಸುಂದರಾ. ಅತ್ತೆಯ ಜೊತೆ ಮಾತಾಡದೆ, ಉಣ್ಣದೆ, ಗೋಡೆಗೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ನಳದ ನೀರು ಬರುವ ಮುಂಚೆಯೇ ಬಾಗಿಲು ಬಡಿದ ಸದ್ದಾಯಿತು. ಫುಮಿಬಾಯಿ. ಗಂಟು ಬಿಚ್ಚಿಯೇ ತಂದಿದ್ದ ಬಟ್ಟಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತಿದ್ದಳು. ಸತ್ತೆವ್ವ ಆಗಲೇ ಮಿಂದು ತಯಾರಾಗಿ ಕಾಯುತ್ತಿದ್ದಳು. ಹೊಸ ಚಮಚ ತೊಳೆದು ಸೊಸೆಯ ಕೈಗೆ ಕೊಟ್ಟಳು. "ನೀನ ಹಾಕ. ಹೆಪ್ಪ ನಿಂದು."

ಸುಂದರಾ ಎರಡು ಚಮಚ ಹಾಕಿದಳು. ಬಿಳಿಯ ಬಟ್ಟಲಿನ ತಳದಲ್ಲಿ ಅದು ಮೆಲ್ಲಗೆ ಹರಡಿ ಒಂದು ಗುಳ್ಳೆ ಬಿಟ್ಟಿತು.

"ಇದಕ್ಕೆ ಎಷ್ಟು ವಯಸ್ಸು?" ಎಂದು ಕೇಳಿದಳು ಫುಮಿಬಾಯಿ.

ಸುಂದರಾ ಬೆರಳು ಮಡಚಿದಳು. "ಹನ್ನೊಂದು ದಿನ."

"ಹಾಗಾದರೆ ಹದಿನಾಲ್ಕು ಪತ್ರವನ್ನೂ ಮತ್ತೆ ಬರೆಯಬೇಕು," ಎಂದು ಫುಮಿಬಾಯಿ ಬಟ್ಟಲಿನ ಮುಚ್ಚಳ ಹಾಕಿದಳು. "ಹನ್ನೆರಡು ವರ್ಷ ಎಂದು ಬರೆದಿದ್ದೆ. ನಡಿ, ನಾಳೆ ಶನಿವಾರ. ಹಿಟ್ಟಿಗೆ ಎಸರಿಡಬೇಕು."

ಸುಂದರಾಳ ಕಾಲಿನಲ್ಲಿ ಆಗಲೇ ಚಪ್ಪಲಿ ಇತ್ತು.